ಒಳಾಂಗಣ ಅಡುಗೆಮನೆಯಿಂದ ಹೊರಡಲಿ



ಮನೆ ಮತ್ತು ಹೋಟೆಲುಗಳ ಒಳಾಂಗಣದ ಬಗ್ಗೆ ಮಾತಾಡಿ ಎಂದು ಕರೆದ ಸಂಘಟಕರು, ಚಿತ್ರ ತೋರಿಸುವುದಕ್ಕೆ ಪರದೆ ಕಟ್ಟಿಸಬೇಕೇ ಎಂದು ಕೇಳಿದರು. ಬೇಡ ಎಂದೆ. ಒಳಾಂಗಣ ಎಂದ ಕೂಡಲೇ ಚಿತ್ರ ನೆನಪಾಗುವುದೇ ನಮ್ಮ ವೃತ್ತಿಗೆ ಹಿಡಿದ ಕಾಯಿಲೆ. ಗೋಡೆಗೆ ಯಾವ ಬಣ್ಣ, ಸೋಫಾಗೆ ಯಾವ ಬಟ್ಟೆ, ಟಿವಿ ಹಿಂದೆ ಎಂಥ ಪ್ಯಾನೆಲ್ಲು ಎಂದು ಗಿರಾಕಿಗಳು ಮೊಬೈಲಿನ ತುಂಬ ಚಿತ್ರ ಕೂಡಿಟ್ಟುಕೊಂಡು ಬರುತ್ತಾರೆ. ಆ ಚಿತ್ರಗಳಲ್ಲಿ ಒಂದರಲ್ಲೂ ಮನುಷ್ಯರಿರುವುದಿಲ್ಲ. ಪೊರಕೆ, ಕುಕ್ಕರು, ಗ್ಯಾಸ್ ಸಿಲಿಂಡರು, ಒಣಗಲು ಹಾಕಿದ ಬಟ್ಟೆ ಇವೂ ಇರುವುದಿಲ್ಲ. ಗೃಹಪ್ರವೇಶವಾದ ಮರುವಾರ ಇವೆಲ್ಲ ಬಂದು ಸೇರಿಕೊಳ್ಳುತ್ತವೆ. ಆಮೇಲೆ ಮನೆ ಚಿತ್ರದ ಹಾಗೆ ಕಾಣುವುದಿಲ್ಲ ಎಂಬ ಕೊರಗು ಶುರು.

ನಾನು ಹೇಳಬೇಕೆಂದು ಬಂದಿರುವ ಮಾತು ಒಂದೇ. ಮನೆಯಾಗಲಿ ಹೋಟೆಲಾಗಲಿ, ಒಳಾಂಗಣದ ಯೋಚನೆ ಒಲೆಯ ಬುಡದಿಂದ, ಪಾತ್ರೆ ತೊಳೆಯುವ ಜಾಗದಿಂದ ಹೊರಟು ಪಡಸಾಲೆಗೆ ಬರಬೇಕು. ಈಗ ನಡೆಯುತ್ತಿರುವುದು ಪೂರಾ ತಿರುಗಾಮುರುಗಾ. ಪಡಸಾಲೆಯಿಂದ ಹೊರಟು ಅಡುಗೆಮನೆ ಮುಟ್ಟುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ, ಜಾಗ ಮುಗಿದಿರುತ್ತದೆ, ಮನೆಯೊಡತಿಯ ತಾಳ್ಮೆಯೂ ಮುಗಿದಿರುತ್ತದೆ. ಹೋಟೆಲುಗಳಲ್ಲಂತೂ ಮುಂದಿನ ಗೋಡೆಗೆ ಬರೆಸಿದ ಚಿತ್ತಾರಕ್ಕೆ ಆದ ಖರ್ಚಿನಲ್ಲಿ ಹಿಂದಿನ ಹೊಗೆಗೂಡು ಸರಿಯಾಗಿ ಕಟ್ಟಿಸಬಹುದಿತ್ತು.

ನಮ್ಮೂರಿನಲ್ಲೇ ಹುಟ್ಟಿದ ಒಂದು ಉದಾಹರಣೆಯಿಂದ ಶುರುಮಾಡುತ್ತೇನೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಯಿತು. ಅದರ ಹಿಂದಿದ್ದ ಕಲ್ಪನೆ ಆರ್. ಪ್ರಭಾಕರ್ ಅವರದು. ನಿಂತು ತಿನ್ನುವುದು, ಮೊದಲು ದುಡ್ಡು ಕೊಟ್ಟು ಕೂಪನ್ ಪಡೆಯುವುದು, ಅಡುಗೆ ಮಾಡುವುದನ್ನು ಕಣ್ಣೆದುರೇ ನೋಡುವುದು. ಇವತ್ತು ಇದು ಎಷ್ಟು ಮಾಮೂಲಿಯಾಗಿದೆ ಎಂದರೆ, ಇದನ್ನು ವಿನ್ಯಾಸ ಎಂದು ಯಾರೂ ಕರೆಯುವುದಿಲ್ಲ. ನನ್ನ ಎಣಿಕೆಯಲ್ಲಿ, ಹೋಟೆಲು ಒಳಾಂಗಣಕ್ಕೆ ಬೆಂಗಳೂರು ಕೊಟ್ಟ ಅತ್ಯಂತ ಬುದ್ಧಿವಂತ ಕೊಡುಗೆ ಇದೇ.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೂತು ತಿನ್ನುವ ಒಬ್ಬರಿಗೆ ಮೇಜಿನ ಪಾಲು, ಕುರ್ಚಿ, ಕುರ್ಚಿಯನ್ನು ಹಿಂದಕ್ಕೆಳೆಯುವ ಜಾಗ, ಅದರ ಹಿಂದೆ ಸಪ್ಲೈಯರ್ ನುಸುಳುವ ದಾರಿ ಎಲ್ಲ ಸೇರಿ 12ರಿಂದ 15 ಚದರ ಅಡಿ ಬೇಕು. ನಿಂತು ತಿನ್ನುವವರಿಗೆ ಅದರ ಅರ್ಧ ಸಾಕು. ಕೂರುವ ಮೇಜು ಎರಡೂವರೆ ಅಡಿ ಎತ್ತರವಾದರೆ ನಿಲ್ಲುವ ಮೇಜು ಮೂರೂವರೆ ಅಡಿ. ಬಗ್ಗದೆ ಇಡ್ಲಿ ಮುರಿದು ಸಾಂಬಾರಿಗೆ ಅದ್ದುವುದಕ್ಕೆ ಮೊಣಕೈಯ ಮಟ್ಟ ಅದು. ಮೇಜು ದುಂಡಗಿದ್ದರೆ ಮೂಲೆ ತಗುಲುವುದಿಲ್ಲ, ಮೂವರಿದ್ದ ಕಡೆ ನಾಲ್ಕನೆಯವರೂ ಸರಿದು ಸೇರಿಕೊಳ್ಳಬಹುದು. ಗಲ್ಲಾ ಬಾಗಿಲ ಬಳಿ, ತಿಂಡಿಯ ಕೌಂಟರ್ ನಡುವೆ, ಕಾಫಿ ಅದರಿಂದ ನಾಲ್ಕು ಹೆಜ್ಜೆ ಆಚೆ. ಹೀಗೆ ಆಚೆ ಇಡುವುದರಲ್ಲೇ ಜಾಣತನವಿದೆ. ಬಿಸಿ ಕಾಫಿ ಹಿಡಿದು ಹಿಂದಕ್ಕೆ ತಿರುಗುವವರೂ ದೋಸೆ ತಟ್ಟೆ ಹಿಡಿದು ಹೊರಳುವವರೂ ಒಂದೇ ಜಾಗದಲ್ಲಿ ಡಿಕ್ಕಿ ಹೊಡೆಯಬಾರದು. ಎಂಜಲು ತಟ್ಟೆಯ ತೊಟ್ಟಿ, ಕೈ ತೊಳೆಯುವ ನಲ್ಲಿ ಎರಡೂ ಹೊರಗೆ ಹೋಗುವ ದಾರಿಯಲ್ಲಿ. ಅಲ್ಲಿ ತಟ್ಟೆ ಇಡಿ ಎಂದು ಬೋರ್ಡು ಹಾಕದಿದ್ದರೂ ಜನ ಅಲ್ಲೇ ಇಡುತ್ತಾರೆ, ಕಾಲು ಆ ಕಡೆಗೇ ಹೊರಟಿರುತ್ತದಲ್ಲ.

ಭಟ್ಟರ ದೋಸೆ ಕಾವಲಿ ಗಿರಾಕಿಯ ಕಡೆಗೆ ಇರುವುದರಿಂದ ಎರಡು ಲಾಭ. ತಿನ್ನುವವರಿಗೆ ನಂಬಿಕೆ, ಮಾಡುವವರಿಗೆ ಗಾಳಿ. ಹಳೆಯ ಹೋಟೆಲುಗಳ ಹಿಂದಿನ ಕತ್ತಲೆ ಕೋಣೆಯಲ್ಲಿ ಬೇಯುತ್ತಿದ್ದ ಬಾಣಸಿಗರು ಮೊದಲ ಸಲ ಬೀದಿಯ ಬೆಳಕು ಕಂಡದ್ದು ಹೀಗೆ. ದರ್ಶಿನಿಯಲ್ಲಿ ಕೊರತೆಯೂ ಇದೆ. ಮಂಡಿನೋವಿನವರು, ಬಸುರಿಯರು, ಮಗು ಎತ್ತಿಕೊಂಡವರು ಎಲ್ಲಿಗೆ ಹೋಗಬೇಕು? ಗೋಡೆಗೆ ಒರಗಿಸಿ ಒಂದೂವರೆ ಅಡಿ ಎತ್ತರಕ್ಕೆ ಒಂದು ಕಲ್ಲುಚಪ್ಪಡಿ ಕೂರಿಸಿದರೆ ಮುಗಿಯಿತು. ಕೆಲವರು ಹಾಗೆ ಮಾಡಿದ್ದಾರೆ. ಕೂತವರು ಬೇಗ ಏಳುವುದಿಲ್ಲ ಎಂಬ ಭಯದಿಂದ ಬಹಳ ಜನ ಮಾಡಿಲ್ಲ. ಮೇಜಿನ ಕೆಳಗೆ ಚೀಲ ತಗುಲಿಹಾಕುವುದಕ್ಕೆ ಒಂದು ಕೊಕ್ಕೆ ಹಾಕಿಸಿ ಎಂದು ನಾನು ಹೇಳುತ್ತಲೇ ಇರುತ್ತೇನೆ. ಯಾರೂ ಹಾಕಿಸುವುದಿಲ್ಲ, ಯಾಕೋ ತಿಳಿಯದು.

ಅಡುಗೆಮನೆ ತೋರಿಸುವ ಧೈರ್ಯ ದರ್ಶಿನಿಗಿಂತಲೂ ಹಳೆಯದು. 1924ರಲ್ಲಿ ಆರಂಭವಾದ, ನಾವು ಎಂಟಿಆರ್ ಎಂದು ಕರೆಯುವ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿಬಂದರು. ಅವರು ತಂದದ್ದು ಅಲ್ಲಿಯ ತೂಗುದೀಪವನ್ನಲ್ಲ, ಮೇಜುಬಟ್ಟೆಯನ್ನೂ ಅಲ್ಲ. ಲೋಟ, ತಟ್ಟೆ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ತಂದರು. ಗಿರಾಕಿಗಳು ಅಡುಗೆಮನೆ ನೋಡಬಹುದು ಎಂದರು. ನೋಡುವವರಿದ್ದಾರೆ ಎಂದ ಮೇಲೆ ಅಡುಗೆಮನೆಯ ನೆಲ, ಮೋರಿ, ಬೆಳಕು ತಾವಾಗಿ ಸರಿಹೋಗುತ್ತವೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಭಾವಚಿತ್ರ, ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿ, ಇವಿಷ್ಟೇ ಅಲ್ಲಿಯ ಅಲಂಕಾರ. ಆ ಮಾಣಿ ಹಾಗೆ ಬರಬೇಕಾದರೆ ಅಡುಗೆಮನೆಯಿಂದ ಮೇಜಿನವರೆಗೆ ಮೆಟ್ಟಿಲು, ಹೊಸ್ತಿಲು, ಸುಮ್ಮನೆ ನಿಂತ ಕಂಬ ಯಾವುದೂ ಅಡ್ಡ ಬರಬಾರದು. ಈಚಿನ ಹೋಟೆಲುಗಳಲ್ಲಿ ಎರಡಿಂಚು ಎತ್ತರದ ಮರದ ವೇದಿಕೆ ಮಾಡಿ ಅಂದ ಎನ್ನುತ್ತಾರಲ್ಲ, ಅದನ್ನು ಎಡವಿದ ಸಪ್ಲೈಯರ್‌ಗಳನ್ನು ಒಂದು ಸಲ ಮಾತಾಡಿಸಿ.

ತಿರುವನಂತಪುರದ ತಂಪಾನೂರಿನಲ್ಲಿ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಇದೆ. ಬಸ್ ನಿಲ್ದಾಣದ ಪಕ್ಕದ ಇಕ್ಕಟ್ಟು ಜಾಗ. ಬೇಕರ್ ಅಲ್ಲಿ ಇಟ್ಟಿಗೆಯ ದುಂಡು ಗೋಪುರವೆಬ್ಬಿಸಿ, ಒಳಗೆ ಸುರುಳಿಯಾಗಿ ಏರುವ ಇಳಿಜಾರನ್ನೇ ಊಟದ ಕೋಣೆ ಮಾಡಿದರು. ಮೇಜು ಮತ್ತು ಬೆಂಚುಗಳನ್ನು ಆ ಇಳಿಜಾರಿನ ಮೇಲೆ ಮಟ್ಟಸವಾಗಿ ಅಲ್ಲೇ ಕಟ್ಟಿಬಿಟ್ಟಿದ್ದಾರೆ. ಕುರ್ಚಿ ಕೊಳ್ಳುವ ಖರ್ಚಿಲ್ಲ, ಸರಿಪಡಿಸುವ ರಗಳೆಯಿಲ್ಲ. ಹೊರಗೋಡೆಯಲ್ಲಿ ಇಟ್ಟಿಗೆ ಬಿಟ್ಟು ಮಾಡಿದ ಜಾಲಂಧ್ರಗಳಿಂದ ಗಾಳಿ ಬೆಳಕು ಎರಡೂ ಬರುತ್ತವೆ, ಬಿಸಿಲು ಮಾತ್ರ ಚೂರುಚೂರಾಗಿ ಬರುತ್ತದೆ. ಕಡಿಮೆ ದುಡ್ಡಿನಲ್ಲಿ ಇಷ್ಟು ಮಜವಾದ ಊಟದ ಮನೆ ನಾನು ಇನ್ನೊಂದು ನೋಡಿಲ್ಲ. ಬೇಕರರನ್ನು ಮೆಚ್ಚಿಕೊಂಡೇ ಒಂದು ತಕರಾರು ಎತ್ತುತ್ತೇನೆ. ಪೇಟ ಸುತ್ತಿದ ಸಪ್ಲೈಯರ್‌ಗಳು ಕೆಳಗಿನಿಂದ ಟ್ರೇ ಹಿಡಿದು ಆ ಇಳಿಜಾರನ್ನು ದಿನವಿಡೀ ಹತ್ತಿ ಇಳಿಯುತ್ತಾರೆ. ನಮಗೆ ಅದು ಒಂದು ಸಲದ ಸುತ್ತು, ಅವರಿಗೆ ಸಂಜೆಯ ಹೊತ್ತಿಗೆ ಬೆಟ್ಟ. ಮೇಲಿನ ಸುತ್ತಿಗೆ ತಟ್ಟೆಗಳನ್ನೆತ್ತುವ ಒಂದು ಸಣ್ಣ ರಾಟೆಯಾದರೂ ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಹೋಟೆಲು ಬಿಡುವ ಮುನ್ನ ಸದ್ದಿನ ಮಾತು. ಹೊಸ ಹೋಟೆಲಿನಲ್ಲಿ ಎದುರು ಕೂತವರ ಮಾತು ಕೇಳುವುದಿಲ್ಲ, ನಾವೂ ಕಿರುಚುತ್ತೇವೆ, ಹೊರಗೆ ಬಂದ ಮೇಲೆ ತಲೆ ಧಿಂ ಎನ್ನುತ್ತದೆ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಎತ್ತುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಬರೆದಿಟ್ಟ. ಒಬ್ಬರು ಎತ್ತಿದರೆ ಪಕ್ಕದ ಮೇಜಿನವರೂ ಎತ್ತಬೇಕು. ನುಣುಪು ಟೈಲು, ಗ್ರಾನೈಟು, ಗಾಜು ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಹೀರಿ ಉಳಿದದ್ದನ್ನು ವಾಪಸು ಎಸೆಯುತ್ತವೆ. ನೆಲ ಒರೆಸಬೇಕು, ಆದ್ದರಿಂದ ನೆಲ ಗಟ್ಟಿಯೇ ಇರಲಿ. ಚಾವಣಿಯನ್ನು ಯಾರೂ ಒರೆಸುವುದಿಲ್ಲವಲ್ಲ. ಅಲ್ಲಿ ತೆಂಗಿನ ನಾರಿನ ಚಾಪೆ, ಬಿದಿರಿನ ತಟ್ಟಿ, ಚೌಕಟ್ಟಿಗೆ ಬಿಗಿದ ಖಾದಿ ಬಟ್ಟೆ ಮತ್ತು ಅದರ ಹಿಂದೆ ರಾಕ್‌ವೂಲ್ ಕೊಡಬಹುದು. ಬೆಂಕಿಗೆ ದೂರವಿರಲಿ, ಬೆಂಕಿ ತಡೆಯುವ ಲೇಪವೂ ಇರಲಿ. ಇನ್ನೂ ಅಗ್ಗದ ಉಪಾಯವೆಂದರೆ ಮೇಜಿನ ಅಡಿಗೆ ಫೋಮು ಅಂಟಿಸುವುದು. ಕಾಣುವುದೂ ಇಲ್ಲ, ಕೊಳೆಯಾಗುವುದೂ ಕಡಿಮೆ. ಇದೇ ಹೋಟೆಲಿನವರು ಚಾವಣಿಗೆ ಕಪ್ಪು ಬಣ್ಣ ಬಳಿದು ಪೈಪುಗಳನ್ನು ಬೆತ್ತಲೆ ಬಿಟ್ಟು ಕೈಗಾರಿಕಾ ಶೈಲಿ ಎನ್ನುತ್ತಾರೆ. ಕಿವಿಗಂತೂ ಅದು ಕಾರ್ಖಾನೆಯೇ ಹೌದು.

ಇನ್ನು ಮನೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೆಟ್ ಶೂಟೆ-ಲಿಹೋಟ್ಸ್ಕಿ ಎಂಬಾಕೆ ಒಂದು ಅಡುಗೆಮನೆ ರೂಪಿಸಿದಳು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ನೋಡಿ, ಹೆಜ್ಜೆ ಲೆಕ್ಕ ಹಾಕಿ ಮಾಡಿದ ವಿನ್ಯಾಸ. ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಿದರು. ಇವತ್ತು ನಾವು ಮಾಡ್ಯುಲರ್ ಕಿಚನ್ ಎನ್ನುವುದರ ಮೂಲ ಅಲ್ಲಿದೆ. ಆಕೆಯ ಅಡುಗೆಮನೆಯ ಕಿಟಕಿಯಡಿ ತಗ್ಗಾದ ಒಂದು ಕೆಲಸದ ಮೇಜು, ಅದರ ಮುಂದೆ ತಿರುಗುವ ಸ್ಟೂಲು ಇತ್ತು. ತರಕಾರಿ ಹೆಚ್ಚುವುದಕ್ಕೆ ನಿಲ್ಲಬೇಕಾಗಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಕಪಾಟುಗಳು ಸಮುದ್ರ ದಾಟಿ ನಮ್ಮ ಮನೆಗೆ ಬಂದವು, ಸ್ಟೂಲು ಅಲ್ಲೇ ಉಳಿಯಿತು. ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದ ನಮ್ಮ ಹೆಂಗಸರನ್ನು ಗ್ಯಾಸ್ ಒಲೆ ಎಬ್ಬಿಸಿ ನಿಲ್ಲಿಸಿತು. ಎದ್ದವರಿಗೆ ಮತ್ತೆ ಕೂರುವ ಜಾಗವನ್ನು ಯಾರೂ ಬರೆಯಲಿಲ್ಲ.

ಕಟ್ಟೆಯ ಎತ್ತರ ನೋಡಿ. ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ 33 ಅಥವಾ 34 ಇಂಚು. ಅದರ ಮೇಲೆ ಒಲೆ ಐದಾರು ಇಂಚು, ಅದರ ಮೇಲೆ ಎಂಟಿಂಚಿನ ಸಾರಿನ ಪಾತ್ರೆ. ಐದಡಿ ಎತ್ತರದ ಹೆಂಗಸಿಗೆ ಪಾತ್ರೆಯ ಬಾಯಿ ಎದೆಮಟ್ಟ ದಾಟುತ್ತದೆ. ಒಳಗೆ ಏನು ಕುದಿಯುತ್ತಿದೆ ಎಂದು ಆಕೆ ತುದಿಗಾಲಲ್ಲಿ ನಿಂತು ಇಣುಕಬೇಕು, ಸೌಟು ಹಿಡಿದ ಮೊಣಕೈ ರೆಕ್ಕೆಯ ಹಾಗೆ ಮೇಲೆದ್ದಿರಬೇಕು. ವರ್ಷಗಟ್ಟಲೆ ಹೀಗೆ ಮಾಡಿ ಹೆಗಲು ನೋವೆಂದರೆ ಡಾಕ್ಟರ ಹತ್ತಿರ ಹೋಗುತ್ತಾರೆ, ಮೇಸ್ತ್ರಿಯ ಹತ್ತಿರ ಹೋಗುವುದಿಲ್ಲ. ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಲಿ. ಒಲೆಯಿಡುವ ಭಾಗ ಅದಕ್ಕಿಂತ ಇನ್ನೂ ನಾಲ್ಕು ಇಂಚು ತಗ್ಗಲಿ. ಸಿಂಕಿನ ತಳ ಆಳದಲ್ಲಿರುವುದರಿಂದ ಸಿಂಕಿನ ಅಂಚು ಮಾತ್ರ ಎರಡಿಂಚು ಮೇಲಿದ್ದರೂ ನಡೆಯುತ್ತದೆ. ಕಲ್ಲು ಕೂರಿಸುವ ಮೊದಲು ಇದನ್ನು ಹೇಳಿದರೆ ಹೆಚ್ಚಿನ ಖರ್ಚು ಇಲ್ಲವೇ ಇಲ್ಲ. ನಾನು ಇದನ್ನು ಹೇಳಿದಾಗ ಒಬ್ಬ ಗೃಹಸ್ಥರು, "ಕಟ್ಟೆ ಒಂದೇ ಮಟ್ಟದಲ್ಲಿಲ್ಲದಿದ್ದರೆ ಚೆನ್ನಾಗಿ ಕಾಣಲ್ಲ ಸಾರ್" ಎಂದರು. ಅಡುಗೆ ಯಾರು ಮಾಡುತ್ತೀರಿ ಎಂದು ಕೇಳಿದೆ. ಅವರ ಹೆಂಡತಿ ನಕ್ಕರು. ಕಟ್ಟೆ ಎರಡು ಮಟ್ಟದಲ್ಲೇ ಆಯಿತು.

ಸಿಂಕಿನ ಕೆಳಗಿನ ಕಪಾಟು ಇನ್ನೊಂದು ಕತೆ. ಪಾರ್ಟಿಕಲ್ ಬೋರ್ಡು, ಎಂಡಿಎಫ್ ಇವು ನೀರು ಕುಡಿದರೆ ಉಬ್ಬಿ ಪುಡಿಪುಡಿಯಾಗುತ್ತವೆ. ಮಂಗಳೂರು, ಕಾರವಾರದ ಕಡೆಯ ಮಳೆಗಾಲದಲ್ಲಂತೂ ನಲ್ಲಿ ಸೋರಬೇಕೆಂದೇ ಇಲ್ಲ, ಗಾಳಿಯೇ ಸಾಕು. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಾಳುತ್ತದೆ, ಆದರೆ ಬೆಲೆ ಜಾಸ್ತಿ. ನಮ್ಮ ಬಳಿ ಇದಕ್ಕಿಂತ ಒಳ್ಳೆಯ ದಾರಿ ಮೊದಲಿನಿಂದಲೂ ಇದೆ. ಕಡಪ ಕಲ್ಲಿನ ಹಲಗೆಗಳನ್ನು ನಿಲ್ಲಿಸಿ, ಅಡ್ಡ ಹಲಗೆ ಕೊಟ್ಟು ಕಪಾಟಿನ ಗೂಡು ಮಾಡುವುದು. ಗೆದ್ದಲಿಲ್ಲ, ಉಬ್ಬುವುದಿಲ್ಲ, ತೊಳೆದರೆ ಆಯಿತು. ಬಾಗಿಲಷ್ಟೇ ಮರದ್ದು. ಬಾಗಿಲು ಹಳತಾದರೆ ಅದೊಂದನ್ನೇ ಬದಲಾಯಿಸಬಹುದು. ಕಲ್ಲಿಗೆ ಹಿಂಜು ಕೂರುವುದಿಲ್ಲ ಎಂದು ಬಡಗಿಗಳು ಗೊಣಗುತ್ತಾರೆ. ಕಲ್ಲಿನ ಅಂಚಿಗೆ ಮರದ ಚೌಕಟ್ಟು ಬಿಗಿದು ಅದಕ್ಕೆ ಹಿಂಜು ಹಾಕಿದರೆ ಆ ಗೊಣಗಾಟ ನಿಲ್ಲುತ್ತದೆ. ಕೆಳಗಿನ ಒಂದಡಿಯನ್ನು ಬಾಗಿಲಿಲ್ಲದೆ ಬಿಡಿ, ಸಿಲಿಂಡರಿಗೂ ಗಾಳಿಯಾಡಬೇಕು, ಗುಡಿಸುವವರ ಪೊರಕೆಯೂ ಒಳಗೆ ಹೋಗಬೇಕು.

ಹೊಗೆ ಎಳೆಯುವ ಚಿಮಣಿಗಳಲ್ಲಿ ಹೊರಗೆ ಪೈಪಿಲ್ಲದ ಒಂದು ಬಗೆಯಿದೆ. ಅದು ಜಿಡ್ಡನ್ನು ಹಿಡಿದೀತು, ಬಿಸಿಯನ್ನೂ ಹಬೆಯನ್ನೂ ಮತ್ತೆ ಕೋಣೆಗೇ ಊದುತ್ತದೆ. ದುಡ್ಡು ಉಳಿಸಿ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸಿಕೊಳ್ಳಿ. ದೀಪದ ಬಗ್ಗೆಯೂ ಎರಡೇ ಮಾತು. ಚಾವಣಿಯ ನಡುವಿನ ದೀಪ ನಿಮ್ಮ ಬೆನ್ನಿಗಿರುತ್ತದೆ, ನಿಮ್ಮ ನೆರಳು ಚಾಕುವಿನ ಮೇಲೆ ಬೀಳುತ್ತದೆ. ಮೇಲಿನ ಕಪಾಟಿನ ತಳಕ್ಕೆ ಒಂದು ಪಟ್ಟಿ ದೀಪ ಅಂಟಿಸಿದರೆ ಬೆರಳು ಉಳಿದೀತು. ಊಟದ ಮೇಜಿಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕು ಹಾಕಿ. 6500 ಕೆಲ್ವಿನ್‌ನ ನೀಲಿ ಬಿಳುಪಿನಲ್ಲಿ ಎಂಥ ಬಿಸಿಬೇಳೆಬಾತೂ ನಿನ್ನೆಯದು ಎಂಬಂತೆ ಕಾಣುತ್ತದೆ.

ಬೆಳಕೆಂದರೆ ಮೇಲಿನಿಂದ ಬರುವ ಬೆಳಕೂ ಸೇರಿತು. ತೊಟ್ಟಿಮನೆಯ ಹೊಗಳಿಕೆ ಈಗ ಎಲ್ಲ ಕಡೆ ಕೇಳುತ್ತಿದ್ದೇವೆ. ಮೂವತ್ತು ನಲವತ್ತರ ಸೈಟಿನಲ್ಲಿ ತೊಟ್ಟಿ ಇಡುತ್ತೇನೆಂದು ಹೊರಟು, ನಡುವೆ ಆರಡಿ ಗುಂಡಿ ತೋಡಿ, ಮೇಲೆ ಗಾಜು ಮುಚ್ಚಿ, ಕೆಳಗೆ ಬೆಣಚುಕಲ್ಲು ಸುರಿದು ಒಂದು ಬುದ್ಧನನ್ನು ಕೂರಿಸುತ್ತಾರೆ. ಮಾರ್ಚ್ ತಿಂಗಳಲ್ಲಿ ಆ ಬುದ್ಧ ಬೇಯುತ್ತಾನೆ. ತೊಟ್ಟಿ ಕೆಲಸ ಮಾಡುತ್ತಿದ್ದದ್ದು ಅದು ತೆರೆದಿತ್ತು ಎಂಬ ಕಾರಣಕ್ಕೆ. ಬಿಸಿ ಗಾಳಿ ಮೇಲಕ್ಕೇರಿ ಹೊರಹೋಗುತ್ತಿತ್ತು, ಜಗಲಿಯ ಕಡೆಯಿಂದ ತಂಪು ಗಾಳಿ ಒಳಬರುತ್ತಿತ್ತು. ಗಾಜು ಮುಚ್ಚಲೇಬೇಕಾದರೆ ಅದನ್ನು ಗೋಡೆಗಿಂತ ಒಂದಡಿ ಮೇಲೆತ್ತಿ, ಸುತ್ತ ಜಾಲರಿ ಕೊಟ್ಟು ಗಾಳಿಗೆ ದಾರಿ ಬಿಡಿ. ಆರಡಿಯೂ ಬೇಡ, ಮೆಟ್ಟಿಲಿನ ಮೇಲೆ ಮೂರಡಿ ಚೌಕ ಸಾಕು. ಮೆಟ್ಟಿಲ ಬಾವಿಯೇ ಆಗ ತೊಟ್ಟಿಯ ಕೆಲಸ ಮಾಡುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಮನೆಗಳಿಗೆ ಹೆಂಚು ಬಂತು. ಹೆಂಚಿನದೇ ಅಚ್ಚಿನ ಗಾಜಿನ ಹೆಂಚು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕೂತು, ಒಲೆಯ ಮುಂದೆ ಸರಿಯಾಗಿ ಒಂದು ಚೌಕ ಬೆಳಕು ಬೀಳಿಸುತ್ತಿತ್ತು. ಹೊಗೆಯಲ್ಲಿ ಆ ಬೆಳಕು ಕೋಲಿನ ಹಾಗೆ ನಿಲ್ಲುವುದನ್ನು ನಿಮ್ಮಲ್ಲಿ ಬಹಳ ಜನ ಕಂಡಿದ್ದೀರಿ. ಎಲ್ಲಿ ಬೆಳಕು ಬೇಕು ಎಂದು ಅದನ್ನು ಕೂರಿಸಿದವರಿಗೆ ಗೊತ್ತಿತ್ತು.

ನೆಲದ ಮಾತು ಬಾರದೆ ಈ ಭಾಷಣ ಮುಗಿದರೆ ಹಿರಿಯರು ಬಿಡುವುದಿಲ್ಲ. ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್ ನೆಲ, ಮತ್ತೆ ಬೇಕು ಎಂದು ಕೇಳುವವರು ಹೆಚ್ಚಿದ್ದಾರೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ಕೆಳಗಿನ ಗಾರೆ ಇನ್ನೂ ಹಸಿಯಿರುವಾಗಲೇ ಮೇಲೆ ಎಳೆಯಬೇಕು. ಅದು ಬಿಗಿಯಾಗುತ್ತ ಬಂದ ಹಾಗೆ ಕರಣೆಯಿಂದ ತಿಕ್ಕಬೇಕು, ಮತ್ತೆ ತಿಕ್ಕಬೇಕು. ಬೇಗ ತಿಕ್ಕಿದರೆ ನೀರು ಮೇಲೆದ್ದು ಬಣ್ಣ ಮಾಸುತ್ತದೆ, ತಡವಾದರೆ ಕರಣೆಯ ಗೆರೆ ಉಳಿಯುತ್ತದೆ. ಒಂದು ಕೋಣೆಯನ್ನು ಒಂದೇ ಪಟ್ಟಿಗೆ ಮುಗಿಸಬೇಕು, ಊಟಕ್ಕೆಂದು ಎದ್ದರೆ ಕೂಡಿದ ಜಾಗ ಜೀವನಪೂರ್ತಿ ಕಾಣುತ್ತದೆ. ಆಮೇಲೆ ವಾರದ ಮೇಲೆ ನೀರು ಕಟ್ಟಿ ನಿಲ್ಲಿಸಬೇಕು, ಆ ದಿನಗಳಲ್ಲಿ ಕೋಣೆಯಲ್ಲಿ ಬೇರೆ ಕೆಲಸ ನಡೆಯುವಂತಿಲ್ಲ. ಟೈಲಾದರೆ ಎರಡು ದಿನದಲ್ಲಿ ಮುಗಿಯುತ್ತದೆ. ಕೆಂಪು ನೆಲ ಕಣ್ಮರೆಯಾದದ್ದು ರುಚಿ ಬದಲಾಯಿತು ಎಂದಲ್ಲ, ಗುತ್ತಿಗೆದಾರನ ಹತ್ತಿರ ಆ ವಾರವಿರಲಿಲ್ಲ. ಈಗ ಆ ಕೈಕೆಲಸ ಬಲ್ಲವರು ಕಡಿಮೆ, ಕೂಲಿ ಜಾಸ್ತಿ. ಅದು ಜಾಸ್ತಿಯೇ ಇರಬೇಕು. ಬಗ್ಗಿ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಅದು. ಪೂರ್ತಿ ಮನೆಗೆ ಆಗದಿದ್ದರೆ ಪೂಜಾಕೋಣೆಗೆ, ಜಗಲಿಗೆ ಮಾಡಿಸಿ. ಚೆಟ್ಟಿನಾಡಿನ ಆತಂಗುಡಿ ಟೈಲುಗಳೂ ಇವೆ. ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟು ಸುರಿದು ಅಚ್ಚು ಹಾಕುವುದರಿಂದ ಅವಕ್ಕೆ ಸುಡದೆಯೇ ಹೊಳಪು ಬರುತ್ತದೆ. ಹುಣಸೆಹುಳಿ, ನಿಂಬೆರಸ ಬಿದ್ದರೆ ಕಲೆ ಉಳಿಯುತ್ತದೆ, ಅಡುಗೆಮನೆಗೆ ಬೇಡ.

ಬಾಡಿಗೆ ಮನೆಯವರಿಗೆ ಇದರಲ್ಲಿ ಏನಿದೆ ಎಂದು ಕೇಳುವಿರಿ. ಮೊಳೆ ಹೊಡೆದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಮಾಲೀಕರ ಊರಿದು. ಅವರಿಗೆ ನನ್ನ ಸಲಹೆ, ಹೋಗುವಾಗ ಹೊತ್ತುಕೊಂಡು ಹೋಗಬಹುದಾದ್ದನ್ನಷ್ಟೇ ಮಾಡಿಸಿ. ಕಟ್ಟೆ ಎತ್ತರವಾದರೆ ಕಟ್ಟೆ ತಗ್ಗಿಸಲಾಗದು, ಒಲೆಯ ಮುಂದೆ ನಾಲ್ಕಿಂಚಿನ ಮರದ ಮಣೆ ಇಡಬಹುದು, ಎಡವದಷ್ಟು ಅಗಲವಾಗಿ. ಗಾಲಿಯಿರುವ ಒಂದು ತಗ್ಗು ಮೇಜು, ಅದರಡಿ ಸೇರುವ ಒಂದು ಸ್ಟೂಲು ಮಾಡಿಸಿ. ಶೂಟೆ-ಲಿಹೋಟ್ಸ್ಕಿಯ ಬಾಕಿ ಅಷ್ಟರಲ್ಲೇ ತೀರುತ್ತದೆ.

ವಾಸ್ತುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ ಎಂದು ಮುಂದಿನ ಸಾಲಿನಲ್ಲಿ ಇಬ್ಬರು ಪಿಸುಗುಟ್ಟುತ್ತಿರುವುದು ನನಗೆ ಕಾಣುತ್ತಿದೆ. ಆಗ್ನೇಯ ಮೂಲೆಯ ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ, ಅದು ಒಳ್ಳೆಯದೇ. ಆದರೆ ಆ ಮೂಲೆಗೆ ಕಿಟಕಿಯಿಲ್ಲ, ಪಕ್ಕದ ಮನೆಯ ಗೋಡೆ ಎರಡಡಿಯಲ್ಲಿದೆ ಎಂದಾದರೆ ನಾನು ವಾಯವ್ಯವನ್ನೇ ಬರೆಯುತ್ತೇನೆ. ಉಳಿದ ಜಗಳವನ್ನು ಪ್ರಶ್ನೋತ್ತರಕ್ಕೆ ಇಟ್ಟುಕೊಳ್ಳೋಣ.